ಹೊಸದನ್ನು ತರುವ ಮೊದಲು: ನಗರದ ಮನೆ ಮತ್ತು ಬಾಳಿಕೆಯ ಲೆಕ್ಕ

2024ರ ಜನವರಿಯಲ್ಲಿ ಪ್ರಕಟವಾದ ಒಂದು ಅಧ್ಯಯನ, ಮನೆಯಲ್ಲಿ ತರಕಾರಿ ಬೆಳೆಯುವ ಎಷ್ಟೋ ಜನರಿಗೆ ಬೇಸರ ತಂದಿತು. ಮಿಷಿಗನ್ ವಿಶ್ವವಿದ್ಯಾಲಯದವರ ನೇತೃತ್ವದಲ್ಲಿ ಸಂಶೋಧಕರು ಅಮೆರಿಕ, ಬ್ರಿಟನ್, ಫ್ರಾನ್ಸ್, ಜರ್ಮನಿ ಮತ್ತು ಪೋಲೆಂಡ್‌ನ 73 ನಗರ ತೋಟಗಳ ಲೆಕ್ಕ ಹಾಕಿದ್ದರು. ಒಬ್ಬರು ಒಂದು ಸಲ ತಿನ್ನುವಷ್ಟು ಹಣ್ಣು-ತರಕಾರಿ ಬೆಳೆಯಲು ನಗರದ ತೋಟದಿಂದ ಸರಾಸರಿ 420 ಗ್ರಾಂ ಇಂಗಾಲದ ಡೈಆಕ್ಸೈಡ್‌ನಷ್ಟು ಹೊರೆ ಗಾಳಿಗೆ ಸೇರುತ್ತದೆ. ದೊಡ್ಡ ಹೊಲದಲ್ಲಿ ಬೆಳೆದದ್ದಕ್ಕೆ ಅದು 70 ಗ್ರಾಂ. ಅಂದರೆ ಆರು ಪಟ್ಟು ಜಾಸ್ತಿ.

ಈ 'ಆರು ಪಟ್ಟು' ಮಾತ್ರ ಸುದ್ದಿಯಾಯಿತು. ಕಾರಣ ಅಷ್ಟಾಗಿ ಸುದ್ದಿಯಾಗಲಿಲ್ಲ. ಆ ಹೊರೆಯ ದೊಡ್ಡ ಪಾಲು ಗಿಡದಿಂದ ಬಂದದ್ದಲ್ಲ. ಮಣ್ಣು ತುಂಬಲು ಕಟ್ಟಿದ ಮಡಿಯ ಚೌಕಟ್ಟು, ಸಾಮಾನು ಇಡುವ ಶೆಡ್, ನಡೆಯಲು ಹಾಕಿದ ಕಾಂಕ್ರೀಟ್, ಇವೆಲ್ಲ ಸೇರಿ ಲೆಕ್ಕವನ್ನು ಏರಿಸಿದ್ದವು. ಇವನ್ನೆಲ್ಲ ಹೊಸದಾಗಿ ತಂದು, ಕೆಲವೇ ವರ್ಷ ಬಳಸಿ ಬಿಟ್ಟಾಗ ಪ್ರತಿ ಕಿಲೋ ತರಕಾರಿಯ ಮೇಲೂ ಅದರ ಭಾರ ಬೀಳುತ್ತದೆ. ಒಂದು ಚೌಕಟ್ಟು ಐದು ವರ್ಷಕ್ಕೆ ಮೂಲೆ ಸೇರಿದರೆ ಒಂದು ಲೆಕ್ಕ. ಅದೇ ಚೌಕಟ್ಟು ಇಪ್ಪತ್ತು ವರ್ಷ ನಿಂತರೆ ಭಾರ ನಾಲ್ಕನೇ ಒಂದು ಪಾಲಿಗೆ ಇಳಿಯುತ್ತದೆ. ಸಂಶೋಧಕರು ಕೊಟ್ಟ ಸಲಹೆಯೂ ಅದೇ. ಕಟ್ಟಿದ್ದನ್ನು ಜಾಸ್ತಿ ಕಾಲ ಬಳಸಿ, ಬೇರೆಡೆ ಬೇಡವಾದ ಸಾಮಾನಿನಿಂದ ಕಟ್ಟಿ. ನಗರದ ತೋಟದ ತೆರೆದ ಮಣ್ಣಿನಲ್ಲಿ ಬೆಳೆದ ಟೊಮೆಟೊ, ಮಾರುಕಟ್ಟೆಯಿಂದ ಬಂದದ್ದಕ್ಕಿಂತಲೂ ಹಗುರ ಎಂದು ಅದೇ ಅಧ್ಯಯನ ಹೇಳುತ್ತದೆ. ಯಾಕೆಂದರೆ ಮಾರುಕಟ್ಟೆಯ ಟೊಮೆಟೊ ಎಷ್ಟೋ ಕಡೆ ಬಿಸಿ ಮಾಡಿದ ಗಾಜಿನ ಮನೆಯಲ್ಲಿ ಬೆಳೆಯುತ್ತದೆ.

ನಮ್ಮ ಭಾಷೆಯಲ್ಲಿ ಇದಕ್ಕೊಂದು ಒಳ್ಳೆಯ ಮಾತಿದೆ: ಬಾಳಿಕೆ. ನಗರದ ಸಾಮಾನ್ಯ ಮನೆಯೊಂದು ಭೂಮಿಗೆ ಹಗುರವಾಗಿ, ತನ್ನಷ್ಟಕ್ಕೆ ಏನಾದರೂ ಉತ್ಪಾದಿಸಿಕೊಂಡು ಬದುಕಬೇಕು ಎಂದರೆ ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಇದನ್ನೇ ಎಂದು ನನಗೆ ಅನ್ನಿಸುತ್ತದೆ. ಮನೆಗೆ ಏನು ಸೇರಿಸಿದೆವು ಎನ್ನುವುದಕ್ಕಿಂತ, ಒಳಗೆ ಬಂದದ್ದು ಎಷ್ಟು ಕಾಲ ಉಪಯೋಗಕ್ಕೆ ಬಂತು ಎನ್ನುವುದು ದೊಡ್ಡದು. ತರಕಾರಿ, ನೀರು, ಬಿಸಿ, ಬಟ್ಟೆ, ಯಂತ್ರ, ಎಲ್ಲಕ್ಕೂ ಈ ಲೆಕ್ಕ ಹೊಂದುತ್ತದೆ.

ಬಾಲ್ಕನಿ ಎಷ್ಟು ಬೆಳೆದೀತು?

'ನಮ್ಮ ಊಟ ನಾವೇ ಬೆಳೆದುಕೊಳ್ಳೋಣ' ಎನ್ನುವ ಆಸೆ ಚೆನ್ನಾಗಿದೆ. ಆದರೆ ಸುಮ್ನೆ ಒಂದು ಲೆಕ್ಕ ಹಾಕಿ ನೋಡೋಣ. ಒಬ್ಬ ವಯಸ್ಕನಿಗೆ ದಿನಕ್ಕೆ ಸುಮಾರು 2000 ಕ್ಯಾಲೊರಿ ಬೇಕು. ಹೊಟ್ಟೆ ತುಂಬಿಸುವ ಬೆಳೆಗಳಲ್ಲಿ ಆಲೂಗಡ್ಡೆ ಕಡಿಮೆ ಜಾಗದಲ್ಲಿ ಜಾಸ್ತಿ ಕೊಡುತ್ತದೆ. ಅದರ ಒಂದು ಕಿಲೋದಲ್ಲಿ ಸುಮಾರು 770 ಕ್ಯಾಲೊರಿ. ಬರೀ ಆಲೂಗಡ್ಡೆ ತಿಂದು ಬದುಕಿದರೂ ವರ್ಷಕ್ಕೆ 950 ಕಿಲೋ ಬೇಕು. ಒಂದು ಚದರ ಮೀಟರ್‌ನಲ್ಲಿ ಮೂರೂವರೆ ಕಿಲೋದ ಒಳ್ಳೆಯ ಬೆಳೆ ಬಂತು ಎಂದುಕೊಂಡರೂ ಒಬ್ಬರಿಗೆ 270 ಚದರ ಮೀಟರ್ ನೆಲ. ನಾಲ್ಕು ಜನರ ಮನೆಗೆ ಸಾವಿರ ಮೀರುತ್ತದೆ. ಯಾವ ಬಾಲ್ಕನಿಯೂ ಇದಕ್ಕೆ ಸಾಲದು.

ಹಾಗಂತ ಕೈಚೆಲ್ಲಬೇಕಿಲ್ಲ. ಸೊಪ್ಪಿನಲ್ಲಿ ಕ್ಯಾಲೊರಿ ತುಂಬಾ ಕಡಿಮೆ, ಆದರೆ ವಿಟಮಿನ್, ಖನಿಜ ಧಾರಾಳ. ಜೊತೆಗೆ ಅದು ಬೇಗ ಬಾಡುತ್ತದೆ, ಕೊಂಡರೆ ಅರ್ಧ ಕಟ್ಟು ಫ್ರಿಜ್‌ನಲ್ಲೇ ಕೊಳೆಯುತ್ತದೆ. ಕುಂಡದಲ್ಲಿದ್ದರೆ ಬೇಕಾದ ಹತ್ತು ಎಲೆ ಮಾತ್ರ ಕಿತ್ತು, ಉಳಿದದ್ದನ್ನು ಗಿಡದಲ್ಲೇ ಬಿಡಬಹುದು. ಗಿಡದಷ್ಟು ಚೆನ್ನಾಗಿ ಎಲೆಯನ್ನು ತಾಜಾ ಇಡುವ ಪೆಟ್ಟಿಗೆ ಬೇರೆ ಇಲ್ಲ. ಆದ್ದರಿಂದ ಸಣ್ಣ ಜಾಗದಲ್ಲಿ ಸೊಪ್ಪು, ಒಗ್ಗರಣೆ ಮತ್ತು ಪರಿಮಳದ ಎಲೆಗಳು, ಒಂದೆರಡು ಮೆಣಸಿನ ಗಿಡ, ಇಷ್ಟು ಸಾಕು ಎಂದು ನಾನು ಹೇಳುತ್ತೇನೆ.

ಬೆಳಕು ಇನ್ನೊಂದು ಗಟ್ಟಿ ಮಿತಿ. ಹಣ್ಣು ಬಿಡುವ ಗಿಡಕ್ಕೆ ದಿನಕ್ಕೆ ಆರರಿಂದ ಎಂಟು ಗಂಟೆ ನೇರ ಬಿಸಿಲು ಬೇಕು. ಸೊಪ್ಪಿಗೆ ಮೂರು-ನಾಲ್ಕು ಗಂಟೆಯಲ್ಲೂ ಆದೀತು. ಎದುರಿನ ಕಟ್ಟಡದ ನೆರಳು ಎಷ್ಟು ಹೊತ್ತಿಗೆ ಬರುತ್ತದೆ, ಎಷ್ಟು ಹೊತ್ತಿಗೆ ಹೋಗುತ್ತದೆ ಎಂದು ಒಂದು ರಜೆಯ ದಿನ ಗಂಟೆಗೊಮ್ಮೆ ನೋಡಿ ಬರೆದಿಟ್ಟರೆ, ಬೀಜದ ಪೊಟ್ಟಣಕ್ಕೆ ಹಾಕುವ ದುಡ್ಡು ಎಷ್ಟೋ ಉಳಿಯುತ್ತದೆ.

ತಾರಸಿ ಇರುವವರಿಗೆ ಒಂದು ಎಚ್ಚರಿಕೆ ಮಾತ್ರ ಹೇಳಲೇಬೇಕು. ಒದ್ದೆ ಮಣ್ಣು ತುಂಬಾ ಭಾರ. ಒಂದು ಚದರ ಮೀಟರ್ ಜಾಗದಲ್ಲಿ 30 ಸೆಂಟಿಮೀಟರ್ ಮಣ್ಣು ತುಂಬಿ ನೀರು ಹಾಕಿದರೆ ಸುಮಾರು 500 ಕಿಲೋ ಆಗುತ್ತದೆ. ಸಾಮಾನ್ಯ ಮನೆಯ ತಾರಸಿಯನ್ನು ಓಡಾಟಕ್ಕೆಂದು ಕಟ್ಟಿರುತ್ತಾರೆ. ಅದು ಇದರ ಅರ್ಧದಷ್ಟನ್ನೂ ಹೊರುವ ಲೆಕ್ಕದಲ್ಲಿ ಇರುವುದಿಲ್ಲ. ಇಂಜಿನಿಯರ್ ಒಬ್ಬರನ್ನು ಕೇಳದೆ ಮಡಿ ಕಟ್ಟಬೇಡಿ. ಕುಂಡ ಇಡುವುದಾದರೆ ತೊಲೆ ಅಥವಾ ಗೋಡೆ ಹಾದುಹೋಗುವ ಕಡೆ ಇಡಿ. ಮಣ್ಣಿಗೆ ನಾರಿನ ಪುಡಿ, ಗೊಬ್ಬರ ಬೆರೆಸಿ ಹಗುರ ಮಾಡಿಕೊಳ್ಳಿ.

ನೆಲದಲ್ಲೇ ಬೆಳೆಯುವವರಿಗೆ ಬೇರೆ ಚಿಂತೆ. ಸೀಸ ಬೆರೆಸಿದ ಪೆಟ್ರೋಲನ್ನು ಜಗತ್ತಿನ ಕೊನೆಯ ದೇಶವೂ ನಿಲ್ಲಿಸಿದ್ದು 2021ರಲ್ಲಿ, ಅದು ಅಲ್ಜೀರಿಯಾ. ಆದರೆ ಗಾಳಿಯಿಂದ ಹೋದ ಸೀಸ ಮಣ್ಣಿನಿಂದ ಹೋಗುವುದಿಲ್ಲ, ಮೇಲ್ಪದರದಲ್ಲೇ ಕೂತಿರುತ್ತದೆ. ಹಳೆಯ ಬಣ್ಣದ ಚೂರುಗಳಿಂದಲೂ ಅದು ಸೇರುತ್ತದೆ. ಹೆದ್ದಾರಿ ಪಕ್ಕದ ಅಥವಾ ಹಳೆಯ ಕಟ್ಟಡದ ಬುಡದ ಮಣ್ಣಿನಲ್ಲಿ ಗಡ್ಡೆ, ಸೊಪ್ಪು ಬೆಳೆಯುವ ಮುಂಚೆ ಮಣ್ಣು ಪರೀಕ್ಷೆ ಮಾಡಿಸಬೇಕು. ಮಕ್ಕಳಿರುವ ಮನೆಯಲ್ಲಂತೂ ಇದರಲ್ಲಿ ರಾಜಿ ಬೇಡ.

ನಗರದಲ್ಲಿ ದೊಡ್ಡ ಮಟ್ಟದಲ್ಲಿ ಬೆಳೆದ ಉದಾಹರಣೆಗಳೂ ಇವೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದಲ್ಲಿ ಸುಮಾರು ಎರಡು ಕೋಟಿ ಮನೆ ಮತ್ತು ಸಮುದಾಯ ತೋಟಗಳಿದ್ದವು. ದೇಶದ ತಾಜಾ ತರಕಾರಿಯ ಶೇ 40ರಷ್ಟು ಅವುಗಳಿಂದ ಬರುತ್ತಿತ್ತು ಎನ್ನುವ ಅಂದಾಜಿದೆ. ಬ್ರಿಟನ್ನಿನ ಶೆಫೀಲ್ಡ್ ನಗರವನ್ನು ಅಧ್ಯಯನ ಮಾಡಿದ ಸಂಶೋಧಕರು, ಅಲ್ಲಿನ ಹಸಿರು ಜಾಗದ ಬರೀ ಶೇ 10ರಲ್ಲಿ ಬೆಳೆದರೆ ಶೇ 15ರಷ್ಟು ಜನರಿಗೆ ಬೇಕಾಗುವಷ್ಟು ಹಣ್ಣು-ತರಕಾರಿ ಸಿಗುತ್ತದೆ ಎಂದು 2020ರಲ್ಲಿ ಬರೆದರು. ಎರಡರಲ್ಲೂ ಗಮನಿಸಬೇಕಾದದ್ದು, ಅಲ್ಲಿ ಲೆಕ್ಕಕ್ಕೆ ಬಂದದ್ದು ಬಾಲ್ಕನಿಗಳಲ್ಲ, ನೆಲ. ಹಿತ್ತಲು, ಪಾರ್ಕಿನ ಅಂಚು, ಖಾಲಿ ಸೈಟು. ಅಂಥ ನೆಲ ಕೊಡಿಸುವುದು ಒಂದು ಮನೆಯ ಕೈಯಲ್ಲಿಲ್ಲ, ನಗರದ ಆಡಳಿತದ ಕೈಯಲ್ಲಿದೆ.

ಬೆಳೆಯುವುದಕ್ಕಿಂತ ದೊಡ್ಡ ಕೆಲಸ

ಅಡುಗೆಮನೆಯ ಕಸದ ಡಬ್ಬಿಯ ಕಡೆ ಬರೋಣ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿ ಪ್ರಕಾರ, 2022ರಲ್ಲಿ ಜಗತ್ತಿನಲ್ಲಿ 105 ಕೋಟಿ ಟನ್ ಆಹಾರ ಕಸವಾಯಿತು. ಅದರಲ್ಲಿ ಶೇ 60 ಮನೆಗಳಿಂದಲೇ. ತಲೆಗೆ ವರ್ಷಕ್ಕೆ 79 ಕಿಲೋ. ಈ ಲೆಕ್ಕದಲ್ಲಿ ಸಿಪ್ಪೆ, ಮೂಳೆಯಂಥ ತಿನ್ನಲಾಗದ ಭಾಗವೂ ಸೇರಿದೆ, ನಿಜ. ಆದರೂ ತಿನ್ನಬಹುದಾಗಿದ್ದದ್ದು ಸಾಕಷ್ಟಿದೆ.

ಇದನ್ನು ಇನ್ನೊಂದು ಅಂಕಿಯ ಪಕ್ಕ ಇಟ್ಟು ನೋಡಬೇಕು. ಅಮೆರಿಕದ ಮನೆಗಳ ಆಹಾರದ ಬಗ್ಗೆ 2008ರಲ್ಲಿ ಬಂದ ಒಂದು ಲೆಕ್ಕಾಚಾರದಲ್ಲಿ, ಆಹಾರದಿಂದಾಗುವ ಇಂಗಾಲದ ಹೊರೆಯ ಶೇ 83 ಬೆಳೆಯುವ ಹಂತದಲ್ಲೇ ಆಗುತ್ತದೆ ಎಂದು ತಿಳಿಯಿತು. ಬೆಳೆದ ಕಡೆಯಿಂದ ಅಂಗಡಿಯವರೆಗಿನ ಸಾಗಣೆಯದ್ದು ಶೇ 4 ಮಾತ್ರ. ಹಾಗಾಗಿ ಸೊಪ್ಪು ಹತ್ತಿರದ್ದೋ ದೂರದ್ದೋ ಎನ್ನುವುದಕ್ಕಿಂತ, ತಂದ ಸೊಪ್ಪು ಬಾಯಿಗೆ ಬಂತೋ ಕಸಕ್ಕೆ ಹೋಯಿತೋ ಎನ್ನುವುದು ಮುಖ್ಯ. ಒಂದು ಕಿಲೋ ತರಕಾರಿ ಕೊಳೆತರೆ ಅದಕ್ಕೆ ಹಾಕಿದ ನೀರು, ಗೊಬ್ಬರ, ಡೀಸೆಲ್, ದುಡಿಮೆ ಅಷ್ಟೂ ಕೊಳೆತಂತೆ. ಅದನ್ನು ಉಳಿಸಿದ ಮನೆ ಒಂದು ಕಿಲೋ ಬೆಳೆದಂತೆಯೇ ಲೆಕ್ಕ, ಅಲ್ವಾ?

ಇದಕ್ಕೆ ದೊಡ್ಡ ಉಪಾಯಗಳೇನೂ ಬೇಡ. ಮೊದಲು ಖಾಲಿಯಾಗಬೇಕಾದದ್ದು ಫ್ರಿಜ್‌ನ ಕಣ್ಣಿಗೆ ಬೀಳುವ ಅರೆಯಲ್ಲಿ, ಮುಂದೆ ಇರಲಿ. ಉಳಿದ ಅಡುಗೆ ಪಾರದರ್ಶಕ ಡಬ್ಬಿಯಲ್ಲಿ ಇರಲಿ. ಮಾರುಕಟ್ಟೆಗೆ ಹೋಗುವ ಮುಂಚೆ ಒಮ್ಮೆ ಫ್ರಿಜ್ ತೆಗೆದು ನೋಡಿ.

ಆಮೇಲೂ ಸಿಪ್ಪೆ, ತೊಟ್ಟು ಉಳಿದೇ ಉಳಿಯುತ್ತದೆ. ಅದಕ್ಕೆ ಗೊಬ್ಬರದ ಡಬ್ಬಿ. ಹಸಿ ಕಸ ಗುಡ್ಡೆಯಾಗಿ ಗಾಳಿಯಿಲ್ಲದೆ ಕೊಳೆತರೆ ಮೀಥೇನ್ ಹುಟ್ಟುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಜಾಸ್ತಿ ಬಿಸಿ ಹಿಡಿದಿಡುತ್ತದೆ. ಅದೇ ಕಸ ಗಾಳಿಯಾಡುತ್ತಾ ಕಳಿತರೆ ಮೀಥೇನ್ ಬಹಳ ಕಡಿಮೆ, ಕೈಗೆ ಸಿಗುವುದು ಗೊಬ್ಬರ.

ಮನೆಯ ಗೊಬ್ಬರದ ಡಬ್ಬಿಯನ್ನು ಎಷ್ಟೋ ಜನ ಎರಡೇ ವಾರಕ್ಕೆ ಬಿಟ್ಟುಬಿಡುತ್ತಾರೆ. ಕಾರಣ ವಾಸನೆ. ಆದರೆ ಆ ವಾಸನೆಯನ್ನು ಓದಲು ಕಲಿತರೆ ಅರ್ಧ ಕೆಲಸ ಮುಗಿದಂತೆ. ಮುಚ್ಚಳ ತೆಗೆದ ತಕ್ಷಣ ಕೊಳೆತ ಮೊಟ್ಟೆಯ ನಾತ ಬಂದರೆ ಒಳಗೆ ಗಾಳಿ ಇಲ್ಲ, ನೀರು ಜಾಸ್ತಿಯಾಗಿದೆ ಎಂದರ್ಥ. ಕೋಲಿನಿಂದ ಬುಡದವರೆಗೆ ಕೆದಕಿ, ಮೇಲೆ ಕೆಳಗೆ ಮಾಡಿ, ಎರಡು ಹಿಡಿ ಒಣ ಎಲೆ ಸೇರಿಸಬೇಕು. ಮೂಗಿಗೆ ಚುರ್ ಎನ್ನುವ ಅಮೋನಿಯದ ಘಾಟು ಬಂದರೆ ಸಾರಜನಕ ಜಾಸ್ತಿ, ಅಂದರೆ ಹಸಿಯದ್ದು ಜಾಸ್ತಿ, ಒಣದು ಸಾಲದು. ಅದಕ್ಕೂ ಒಣ ಎಲೆ, ಹರಿದ ರಟ್ಟು, ಮರದ ಹೊಟ್ಟು. ಗೊಬ್ಬರ ಮಾಡುವ ಜೀವಿಗಳಿಗೆ ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ ಬೇಕು. ಒಂದು ಬಟ್ಟಲು ಸಿಪ್ಪೆಗೆ ಎರಡು ಬಟ್ಟಲು ಒಣ ಎಲೆ ಎಂದು ಕೈಲೆಕ್ಕ ಇಟ್ಟುಕೊಂಡರೆ ಅದಕ್ಕೆ ಹತ್ತಿರ ಬರುತ್ತದೆ. ಒಳಗಿನದನ್ನು ಮುಷ್ಟಿಯಲ್ಲಿ ಹಿಂಡಿದರೆ ಹಿಂಡಿದ ಸ್ಪಂಜಿನ ಹಾಗೆ ತೇವ ಇರಬೇಕು, ತೊಟ್ಟಿಕ್ಕಬಾರದು. ಸರಿಯಾಗಿ ಕಳಿತ ಡಬ್ಬಿ ತೆರೆದರೆ ಮಳೆ ಬಿದ್ದ ಮಣ್ಣಿನ ವಾಸನೆ ಬರುತ್ತದೆ. ಆ ವಾಸನೆ ಮೊದಲ ಸಲ ಬಂದ ದಿನದ ಖುಷಿಯೇ ಬೇರೆ.

ಒಂದು ಮಾತು ಮುಚ್ಚಿಡಬಾರದು. ಸಣ್ಣ ಡಬ್ಬಿ ದೊಡ್ಡ ಗುಡ್ಡೆಯಷ್ಟು ಬಿಸಿಯೇರುವುದಿಲ್ಲ. ಒಂದು ಘನ ಮೀಟರ್‌ನಷ್ಟು ಗುಡ್ಡೆ 55 ಡಿಗ್ರಿ ದಾಟಿ, ಕಳೆಯ ಬೀಜ, ರೋಗಾಣು ಸುಟ್ಟುಹಾಕುತ್ತದೆ. ಮನೆಯ ಡಬ್ಬಿಯಲ್ಲಿ ಅದು ಆಗುವುದು ಕಷ್ಟ. ಹಾಗಾಗಿ ರೋಗ ಬಂದ ಗಿಡವನ್ನು ಅದಕ್ಕೆ ಹಾಕಬೇಡಿ, ಗೊಬ್ಬರ ಆಗಲು ತಿಂಗಳುಗಟ್ಟಲೆ ಕಾಯಿರಿ.

ಬಿಸಿನೀರು, ತೊಟ್ಟಿಕ್ಕುವ ನಲ್ಲಿ

ವಿದ್ಯುತ್ ಉಳಿಸಬೇಕು ಎಂದ ಕೂಡಲೇ ನಾವು ದೀಪ ಆರಿಸಲು ಓಡುತ್ತೇವೆ. ಆರಿಸೋಣ, ಆದರೆ ಪ್ರಮಾಣ ಗೊತ್ತಿರಲಿ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು 4.19 ಕಿಲೋಜೂಲ್ ಬೇಕು. 25 ಡಿಗ್ರಿಯ 20 ಲೀಟರ್ ನೀರನ್ನು 40 ಡಿಗ್ರಿಗೆ ತಂದರೆ 0.35 ಯೂನಿಟ್ ಖರ್ಚು. ಇಷ್ಟರಲ್ಲಿ 9 ವ್ಯಾಟ್‌ನ ಒಂದು ಎಲ್‌ಇಡಿ ದೀಪ 39 ಗಂಟೆ ಉರಿಯುತ್ತದೆ. ನಿಮಿಷಕ್ಕೆ 9 ಲೀಟರ್ ಸುರಿಯುವ ಶವರ್ ಕೆಳಗೆ ಹತ್ತು ನಿಮಿಷ ನಿಂತರೆ 90 ಲೀಟರ್, ಒಂದೂವರೆ ಯೂನಿಟ್‌ಗಿಂತ ಜಾಸ್ತಿ. ದೀಪದ ಲೆಕ್ಕದಲ್ಲಿ ಏಳು ದಿನ, ಏಳು ರಾತ್ರಿ! ಮನೆಯಲ್ಲಿ ಬಿಸಿ ಮಾಡುವ, ತಂಪು ಮಾಡುವ ಯಂತ್ರಗಳನ್ನು ಒಂದು ಕಡೆ ಇಟ್ಟರೆ ಉಳಿದವು ಚಿಲ್ಲರೆ. ಸ್ನಾನ ಐದು ನಿಮಿಷಕ್ಕೆ ಇಳಿದರೆ ನೀರೂ ಉಳಿಯಿತು, ಬಿಸಿಯೂ ಉಳಿಯಿತು.

ಅಡುಗೆಯಲ್ಲೂ ಇದೇ. ಪಾತ್ರೆಗೆ ಮುಚ್ಚಳ ಹಾಕುವುದು, ಕುದಿ ಬಂದ ಮೇಲೆ ಉರಿ ಸಣ್ಣ ಮಾಡುವುದು. ಕುದಿಯುವ ನೀರಿಗೆ ಎಷ್ಟು ಉರಿ ಕೊಟ್ಟರೂ ಅದು ಇನ್ನಷ್ಟು ಬಿಸಿಯಾಗುವುದಿಲ್ಲ, ಬೇಗ ಆವಿಯಾಗುತ್ತದೆ ಅಷ್ಟೇ.

ನಲ್ಲಿಯ ವಿಷಯ. ಸೆಕೆಂಡಿಗೆ ಒಂದು ಹನಿ ಬೀಳುವ ನಲ್ಲಿಯ ಕೆಳಗೆ ರಾತ್ರಿ ಒಂದು ಪಾತ್ರೆ ಇಟ್ಟು ಬೆಳಿಗ್ಗೆ ನೋಡಿ. ಹನಿಯೊಂದಕ್ಕೆ 0.05 ಮಿಲಿಲೀಟರ್ ಎಂದರೆ ದಿನಕ್ಕೆ ನಾಲ್ಕು ಲೀಟರ್ ಮೀರುತ್ತದೆ, ವರ್ಷಕ್ಕೆ 1500 ಲೀಟರ್ ದಾಟುತ್ತದೆ. ಎಷ್ಟೋ ಸಲ ತಪ್ಪು ಒಳಗಿನ ಸವೆದ ರಬ್ಬರ್ ವಾಷರ್‌ನದ್ದು. ನಲ್ಲಿ ಪೂರ್ತಿ ಬದಲಿಸಬೇಕಿಲ್ಲ.

ಮಳೆಯ ಲೆಕ್ಕ ಇನ್ನೂ ಸುಲಭ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. 50 ಚದರ ಮೀಟರ್ ಸೂರಿನ ಮೇಲೆ 20 ಮಿಲಿಮೀಟರ್ ಮಳೆ ಎಂದರೆ ಸಾವಿರ ಲೀಟರ್. ಸೋರಿದ್ದು, ಮೊದಲ ಕೊಳೆನೀರು ಬಿಟ್ಟದ್ದು ಕಳೆದರೂ 800 ಸಿಗುತ್ತದೆ. ಆದರೆ ಹಿಡಿದ ನೀರಿಗೆ ಬಿಗಿ ಮುಚ್ಚಳ, ಜಾಲರಿ ಇರಲೇಬೇಕು. ಡೆಂಗಿ ಹರಡುವ ಈಡಿಸ್ ಸೊಳ್ಳೆ ನಿಂತ ನೀರಿನಲ್ಲೇ ಮೊಟ್ಟೆಯಿಂದ ಸೊಳ್ಳೆಯಾಗಲು ಬೆಚ್ಚಗಿನ ದಿನಗಳಲ್ಲಿ ಏಳರಿಂದ ಹತ್ತು ದಿನ ಸಾಕು. ಕುಂಡದ ತಟ್ಟೆಯ ನೀರನ್ನು ವಾರಕ್ಕೊಮ್ಮೆ ಚೆಲ್ಲಿ, ತಟ್ಟೆ ತಿಕ್ಕಿ ಇಡಿ. ನೀರು ಉಳಿಸಲು ಹೋಗಿ ಜ್ವರ ತಂದುಕೊಳ್ಳಬಾರದು.

ಬಳ್ಳಿಯ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಬಿಸಿಲು ಬೀಳುವ ಕಿಟಕಿಯ ಹೊರಗೆ ಹಬ್ಬಿದ ಬಳ್ಳಿ ಒಂದೂ ಕಾಯಿ ಕೊಡದೆ ಇರಬಹುದು. ಆದರೂ ಅದು ದುಡಿಯುತ್ತಿರುತ್ತದೆ. ಬಿಸಿಲು ಗಾಜನ್ನು ದಾಟಿ ಒಳಗೆ ಬಂದಮೇಲೆ ಪರದೆ ಎಳೆದರೆ ಬಿಸಿ ಆಗಲೇ ಮನೆಯೊಳಗಿದೆ. ಹೊರಗೇ ತಡೆದರೆ ಮಾತ್ರ ನಿಜವಾದ ತಡೆ. ಜೊತೆಗೆ ಎಲೆಯಿಂದ ಒಂದು ಲೀಟರ್ ನೀರು ಆವಿಯಾದರೆ ಸುತ್ತಲಿಂದ ಸುಮಾರು 0.68 ಯೂನಿಟ್‌ನಷ್ಟು ಬಿಸಿಯನ್ನು ಎಳೆದುಕೊಂಡು ಹೋಗುತ್ತದೆ. ಮನೆಯ ಉತ್ಪಾದನೆ ಎಂದರೆ ಬುಟ್ಟಿಯಲ್ಲಿ ತೂಗುವಂಥದ್ದು ಮಾತ್ರ ಅಲ್ಲ ಎಂದು ನಾನು ಹೇಳುವುದು ಇದಕ್ಕೇ.

ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು

ಬಾಳಿಕೆ ಎಂದರೆ ಎಲ್ಲ ಹಳೆಯದನ್ನೂ ಹಿಡಿದುಕೊಂಡು ಕೂರುವುದು ಎಂದಲ್ಲ. 60 ವ್ಯಾಟ್‌ನ ಹಳೆಯ ತಂತಿ ಬಲ್ಬ್ ಇನ್ನೂ ಉರಿಯುತ್ತಿದ್ದರೆ ಅದನ್ನು ಇವತ್ತೇ ತೆಗೆಯಿರಿ. ದಿನಕ್ಕೆ ಐದು ಗಂಟೆ ಉರಿಯುವ ಕಡೆ 9 ವ್ಯಾಟ್‌ನ ಎಲ್‌ಇಡಿ ಹಾಕಿದರೆ ವರ್ಷಕ್ಕೆ 93 ಯೂನಿಟ್ ಉಳಿಯುತ್ತದೆ. ಫೋನಿನ ಕಥೆ ಉಲ್ಟಾ. ಅದರ ಆಯಸ್ಸಿನ ಹೊರೆಯ ಬಹುಪಾಲು, ಅದನ್ನು ತಯಾರಿಸುವಾಗಲೇ ಆಗಿ ಹೋಗಿರುತ್ತದೆ. ಚಾರ್ಜ್ ಮಾಡುವ ವಿದ್ಯುತ್ ಚೂರುಪಾರು. ಆದ್ದರಿಂದ ಬ್ಯಾಟರಿ ಬದಲಿಸಿ ಇನ್ನೆರಡು ವರ್ಷ ಓಡಿಸುವುದೇ ಲಾಭ. ಬಳಸುವಾಗ ಜಾಸ್ತಿ ತಿನ್ನುವ ಯಂತ್ರಕ್ಕೆ ಅದರ ವ್ಯಾಟ್ ನೋಡಬೇಕು. ಬಳಸುವಾಗ ಏನೂ ತಿನ್ನದ ಮೇಜು, ಪಾತ್ರೆ, ಬಟ್ಟೆಗೆ ವರ್ಷ ಎಣಿಸಬೇಕು. ಫ್ರಿಜ್ ನಡುವೆ ಬರುತ್ತದೆ. ಅದಕ್ಕೆ ಮೀಟರ್ ಹಾಕಿ ನೋಡಿಯೇ ತೀರ್ಮಾನಿಸಬೇಕು.

ಬಟ್ಟೆ ಚೀಲದ ವಿಷಯದಲ್ಲಿ ಡೆನ್ಮಾರ್ಕ್‌ನ ಪರಿಸರ ಇಲಾಖೆ 2018ರಲ್ಲಿ ಒಂದು ಲೆಕ್ಕ ಕೊಟ್ಟಿತು. ಹೊಸ ಹತ್ತಿ ಚೀಲ ಹವಾಮಾನದ ದೃಷ್ಟಿಯಿಂದ ತೆಳು ಪ್ಲಾಸ್ಟಿಕ್ ಚೀಲಕ್ಕೆ ಸಮ ಆಗಬೇಕಾದರೆ ಅದನ್ನು 52 ಸಲ ಬಳಸಬೇಕು. ನೀರು, ಓಝೋನ್ ಪದರದ ಹಾನಿ ಎಲ್ಲ ಲೆಕ್ಕಕ್ಕೂ ಸಮ ಆಗಬೇಕಾದರೆ 7100 ಸಲ. ಬೀದಿ, ಸಮುದ್ರ ಸೇರುವ ಪ್ಲಾಸ್ಟಿಕ್ ಕಸದ ಹಾನಿ ಈ ಲೆಕ್ಕದಲ್ಲಿಲ್ಲ, ಹಾಗಾಗಿ ಇದನ್ನು ಪ್ಲಾಸ್ಟಿಕ್ ಪರವಾದ ಮಾತು ಎಂದು ಓದಬಾರದು. ಆದರೆ ಸಭೆ ಸಮಾರಂಭದಲ್ಲಿ ಹಂಚಿದ ಹತ್ತು ಹೊಸ ಬಟ್ಟೆ ಚೀಲ ಬಾಗಿಲ ಹಿಂದೆ ನೇತಾಡುತ್ತಿದ್ದರೆ ಅದರಲ್ಲಿ ಪರಿಸರ ಸ್ನೇಹ ಏನೂ ಇಲ್ಲ. ಹರಿದ ಪ್ಯಾಂಟಿನಿಂದ ಹೊಲಿದ ಚೀಲಕ್ಕೆ ಮಾತ್ರ ಈ ಸಾಲ ಇಲ್ಲ. ಅದರ ಹತ್ತಿ ಎಂದೋ ಬೆಳೆದದ್ದು.

ರಿಪೇರಿ ಮಾಡಿಸೋಣ ಎಂದರೆ ಬಿಡಿಭಾಗ ಸಿಗುವುದಿಲ್ಲ, ಬಿಚ್ಚಲು ಬಾರದಂತೆ ಅಂಟಿಸಿರುತ್ತಾರೆ. ಇದಕ್ಕೆ ಮನೆಯವರು ಒಬ್ಬರೇ ಏನೂ ಮಾಡಲಾಗದು. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಪತ್ರಕರ್ತೆ ಮಾರ್ಟೀನ್ ಪೋಸ್ಟ್ಮಾ 2009ರಲ್ಲಿ ಮೊದಲ ರಿಪೇರಿ ಕೆಫೆ ನಡೆಸಿದರು. ಕೆಟ್ಟ ಸಾಮಾನು ತರುವವರು, ಕೆಲಸ ಗೊತ್ತಿರುವವರು ಒಂದೇ ಮೇಜಿನ ಮುಂದೆ ಕೂರುವ ಏರ್ಪಾಡು ಅದು. ಆಮೇಲೆ ಬೇರೆ ಬೇರೆ ದೇಶಗಳಿಗೂ ಹಬ್ಬಿತು. 2024ರಲ್ಲಿ ಐರೋಪ್ಯ ಒಕ್ಕೂಟ, ಕೆಲವು ಬಗೆಯ ಸಾಮಾನುಗಳನ್ನು ವಾರಂಟಿ ಮುಗಿದ ಮೇಲೂ ತಯಾರಕರೇ ರಿಪೇರಿ ಮಾಡಿಕೊಡಬೇಕು ಎಂದು ಕಾನೂನು ತಂದಿತು. ಇಂಥ ಕಾನೂನು ಎಲ್ಲ ಕಡೆ ಬರಬೇಕು.

ಇದೆಲ್ಲ ಯಾರು ಮಾಡುವುದು?

ಇಂಥ ಲೇಖನಗಳಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಪ್ರಶ್ನೆ ಇದು. ಎಲೆ ಒಣಗಿಸುವುದು, ಡಬ್ಬಿ ತಿರುವುವುದು, ಉಳಿದ ಅಡುಗೆಗೆ ದಾರಿ ಹುಡುಕುವುದು, ಹರಿದದ್ದು ಹೊಲಿಯುವುದು, ಎಲ್ಲಕ್ಕೂ ಸಮಯ ಬೇಕು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 2018ರ ವರದಿ ಪ್ರಕಾರ, ಜಗತ್ತಿನ ಸಂಬಳವಿಲ್ಲದ ಆರೈಕೆ ಮತ್ತು ಮನೆಗೆಲಸದ ಹೊತ್ತಿನಲ್ಲಿ ಶೇ 76 ಹೆಂಗಸರದ್ದು. ಮನೆಯನ್ನು ಹಸಿರು ಮಾಡುವ ಕೆಲಸವೂ ಸದ್ದಿಲ್ಲದೆ ಅದೇ ಪಟ್ಟಿಗೆ ಸೇರಿದರೆ ಅದು ನ್ಯಾಯವೂ ಅಲ್ಲ, ಬಾಳುವುದೂ ಇಲ್ಲ. ದಣಿದವರು ಮೊದಲು ಕೈಬಿಡುವುದು ಗೊಬ್ಬರದ ಡಬ್ಬಿಯನ್ನೇ.

ಆದ್ದರಿಂದ ಹೊಸ ಕುಂಡ ತರುವ ಮೊದಲು ಮನೆಯವರೆಲ್ಲ ಕೂತು ಕೆಲಸ ಹಂಚಿಕೊಳ್ಳಲಿ. ಡಬ್ಬಿ ತಿರುವುವುದು ಯಾರು, ವಾರಕ್ಕೊಮ್ಮೆ ಫ್ರಿಜ್ ನೋಡುವುದು ಯಾರು, ನೀರು ಹಾಕುವುದು ಯಾರು, ಅವರು ಊರಿಗೆ ಹೋದಾಗ ಯಾರು. ಬಾಡಿಗೆ ಮನೆಯವರು ಗೋಡೆ, ಸೂರು, ಪೈಪು ಮುಟ್ಟುವಂತಿಲ್ಲ. ಆದರೆ ಮನೆ ಬದಲಿಸಿದಾಗ ಜೊತೆಗೆ ಬರುವ ಕುಂಡ, ಡಬ್ಬಿ, ಒಳ್ಳೆಯ ಪಾತ್ರೆ, ಹೊಲಿಗೆ ಯಂತ್ರ ಅವರದ್ದೇ. ಅಪಾರ್ಟ್‌ಮೆಂಟ್‌ನವರಿಗೆ ಒಂದು ಅನುಕೂಲ ಇದೆ. ಮೂವತ್ತು ಮನೆಗೆ ಮೂವತ್ತು ಡ್ರಿಲ್ ಬೇಡ, ಒಂದು ಡ್ರಿಲ್, ಒಂದು ಏಣಿ ಸಾಕು. ಮೂವತ್ತು ಸಣ್ಣ ಡಬ್ಬಿಯ ಬದಲು ಕೆಳಗೆ ಒಂದೇ ದೊಡ್ಡ ಗೊಬ್ಬರದ ತೊಟ್ಟಿ ಇಟ್ಟರೆ ಒಂದು ಘನ ಮೀಟರ್ ಸುಲಭವಾಗಿ ತುಂಬುತ್ತದೆ. ಚೆನ್ನಾಗಿ ಬಿಸಿಯೇರುತ್ತದೆ, ರೋಗ ಬಂದ ಗಿಡವನ್ನೂ ಅರಗಿಸಿಕೊಳ್ಳುತ್ತದೆ. ಕಾಂಪೌಂಡಿನ ಮರದಿಂದ ಬಿದ್ದ ಎಲೆಗಳನ್ನು ಗುಡಿಸಿ ಸುಡುವ ಬದಲು ಪಕ್ಕದಲ್ಲೇ ಚೀಲದಲ್ಲಿ ತುಂಬಿಸಿಟ್ಟರೆ ಒಣದಕ್ಕೂ ಕೊರತೆ ಇಲ್ಲ. ತಿರುವುವ ಸರದಿ ಮನೆಗೊಂದು ದಿನ ಎಂದರೂ ನಿಮ್ಮ ಪಾಳಿ ಬರುವುದು ತಿಂಗಳಿಗೊಮ್ಮೆ.